ಒಳ್ಳೆ ಮನಸ್ಸು, ತೊಳೆಯದ ಪಂಪು



ಈ ವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿದೆ. ಗೋವಿನಜೋಳಕ್ಕೆ ಒಂದು ಎಡೆ ಹೊಡೆದು ಮುಗಿಸಿದೆವು. ನಿಮ್ಮಲ್ಲಿ ಬಹಳ ಜನ ಈಗ ಕಳೆನಾಶಕ ಹೊಡೆಯೋ ತಯಾರಿಯಲ್ಲಿದ್ದೀರಿ. ಯಾವುದು ಹೊಡೀಬೇಕು, ಟ್ಯಾಂಕಿಗೆ ಎಷ್ಟು ಹಾಕಬೇಕು ಅಂತ ದಿನಾ ನಾಲ್ಕೈದು ಫೋನು ಬರ್ತಾವೆ. ಅದನ್ನು ಹೇಳೋ ಮುಂಚೆ ಹೋದ ವರ್ಷ ನಾನು ಮಾಡಿದ ಒಂದು ಕೆಲಸದ ಬಗ್ಗೆ ಬರೀಬೇಕು. ನಮ್ಮ ಊರಿನವರಿಗೆ ಗೊತ್ತಿದೆ. ಈ ಪೇಜಿನಲ್ಲಿ ಮಾತ್ರ ಇಲ್ಲಿವರೆಗೆ ಬರೆದಿರಲಿಲ್ಲ. ಕಾರಣ ನಾಚಿಕೆ, ಬೇರೆ ಏನೂ ಅಲ್ಲ.

ನಮ್ಮ ಹೊಲದ ಪಡುವಲಕ್ಕೆ ಹೊಂದಿಕೊಂಡು ಒಬ್ಬ ಅಣ್ಣನ ಎರಡು ಎಕರೆ ಹೊಲ ಇದೆ. ರಕ್ತಸಂಬಂಧ ಅಲ್ಲ, ಆದರೆ ಸಣ್ಣವನಿದ್ದಾಗಿನಿಂದ ಅಣ್ಣಾ ಅಂತಲೇ ಕರೆದವನು. ಅವನ ಹೊಲದ ಆಚೆ, ಇನ್ನೂ ಪಡುವಲಕ್ಕೆ, ಒಬ್ಬ ಕಾಕಾನ ಹೊಲ. ಅಂದರೆ ನಡುವೆ ಅಣ್ಣ, ಮೂಡಲಕ್ಕೆ ನಾನು, ಪಡುವಲಕ್ಕೆ ಕಾಕಾ. ಈ ದಿಕ್ಕು ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗ್ತದೆ.

ಹೋದ ವರ್ಷ ಪುಷ್ಯ ಮಳೆ ಹೊತ್ತಿಗೆ ಅಣ್ಣ ಬೈಕಿನಿಂದ ಬಿದ್ದು ತೊಡೆ ಮುರಿದುಕೊಂಡ. ಹುಬ್ಬಳ್ಳಿಗೆ ಒಯ್ದರು. ಹೊಲದಲ್ಲಿ ಬಿಟಿ ಹತ್ತಿ, ಬಿತ್ತಿ ನಲವತ್ತೈದು ದಿನ ಆಗಿತ್ತು. ಜಿಗಿಹುಳ ಹತ್ತಿ ಎಲೆಯ ಅಂಚು ಹಳದಿಯಾಗಿ ಕೆಳಗೆ ಮಡಚಿಕೊಳ್ತಿದ್ದವು. ವೈನಿ ಆಸ್ಪತ್ರೆಗೂ ಮನೆಗೂ ಓಡಾಡಿ ಸೋತು ಹೋಗಿದ್ದರು. ಅವರೇನೂ ನನ್ನನ್ನ ಕೇಳಲಿಲ್ಲ. ನಾನೇ ಹೋಗಿ, "ವೈನಿ, ನೀವು ಅಣ್ಣನ್ನ ನೋಡ್ಕೊಳ್ರಿ. ಹೊಲದ ಚಿಂತಿ ಬಿಡ್ರಿ, ಎಣ್ಣಿ ನಾ ಹೊಡೀತೀನಿ" ಅಂದೆ. ಅವರ ಕಣ್ಣಲ್ಲಿ ನೀರು ಬಂತು. ನನಗೂ ಒಳಗೆ ಏನೋ ಒಂದು ಹೆಮ್ಮೆ. ಸುಳ್ಳು ಯಾಕೆ ಹೇಳಲಿ.

ಎಣ್ಣೆ ನನ್ನ ದುಡ್ಡಿನಿಂದ ತಂದೆ. ಬೆಳಿಗ್ಗೆ ಆರಕ್ಕೆ ನನ್ನ ಹದಿನಾರು ಲೀಟರಿನ ಬ್ಯಾಟರಿ ಪಂಪು ಹೊತ್ತು ನಿಂತೆ. ನನ್ನ ಬೋರಿನಿಂದ ನೀರು ತುಂಬೋದು, ಹೊಡೆಯೋದು, ಮತ್ತೆ ಬಂದು ತುಂಬೋದು. ಇಪ್ಪತ್ತು ಟ್ಯಾಂಕ್ ಹೊಡೆಯೋ ಹೊತ್ತಿಗೆ ಬೆನ್ನು ಕಳಚಿ ಬೀಳೋ ಹಂಗಾಗಿತ್ತು. ನಮ್ಮವಳು ಬುತ್ತಿ ತಂದಾಗ, "ತಮ್ಮ ಸ್ವಂತ ಹೊಲಕ್ಕೂ ಇಷ್ಟು ಮುತುವರ್ಜಿ ಮಾಡಂಗಿಲ್ಲ" ಅಂದಳು. ನಕ್ಕೆವು.

ಎರಡು ದಿನದ ಹಿಂದೆ ಅದೇ ಪಂಪಿನಿಂದ ನನ್ನ ಗೋವಿನಜೋಳಕ್ಕೆ 2,4-ಡಿ ಹೊಡೆದಿದ್ದೆ. ಮುಗಿದ ಮೇಲೆ ಒಂದು ಸಲ ನೀರು ತುಂಬಿ ಅಲುಗಾಡಿಸಿ ಚೆಲ್ಲಿದ್ದೆ. ತೊಳೆದೆ ಅಂತಲೇ ಅಂದುಕೊಂಡಿದ್ದೆ.

ಆರೇಳು ದಿನಕ್ಕೆ ಹತ್ತಿಯ ಹೊಸ ಚಿಗುರು ಸೊಟ್ಟ ಆಗತೊಡಗಿದವು. ಅಗಲ ಇರಬೇಕಾದ ಎಲೆ ಬೆಂಡೆ ಎಲೆಯ ಹಾಗೆ ಸೀಳಿ, ನರ ಎಲ್ಲಾ ಒತ್ತೊತ್ತಾಗಿ, ಕಪ್ಪೆಯ ಕಾಲಿನ ಆಕಾರ ಬಂತು. ನೋಡಿದವರಿಗೆ ಗೊತ್ತಿರ್ತದೆ. ಅದು ರೋಗ ಅಲ್ಲ, ಹುಳವೂ ಅಲ್ಲ, 2,4-ಡಿ. ಜೋಳ, ಗೋವಿನಜೋಳ, ಕಬ್ಬಿನಂಥ ಹುಲ್ಲಿನ ಜಾತಿಯ ಬೆಳೆ ಅದನ್ನು ತಡೀತಾವೆ. ಹತ್ತಿಗೆ ಅದರ ವಾಸನೆಯೂ ಆಗೋದಿಲ್ಲ. ಪಂಪಿನ ಪೈಪಿನೊಳಗೆ ಅಂಟಿ ಉಳಿದಷ್ಟು ಸಾಕು.

ಊರಲ್ಲಿ ಎಲ್ಲರೂ ಕಾಕಾನ ಕಡೆ ಬೆರಳು ತೋರಿಸಿದರು. ಅವನೂ ಅದೇ ವಾರ ತನ್ನ ಗೋವಿನಜೋಳಕ್ಕೆ 2,4-ಡಿ ಹೊಡೆದಿದ್ದ. ಗಾಳಿ ಪಡುವಲದಿಂದ. ಅದೂ ಅಲ್ಲದೆ ಕಾಕಾನ ಹೆಸರು ಮೊದಲೇ ಕೆಟ್ಟಿತ್ತು. ಮೂರು ವರ್ಷದ ಹಿಂದೆ ಅಣ್ಣನದೂ ನಂದೂ ಚಕ್ಕಡಿ ಅವನ ಹೊಲದಲ್ಲಿ ಹಾಯಬಾರದು ಅಂತ ಸಿಟ್ಟಿನಿಂದ ಬದುವಿನ ಉದ್ದಕ್ಕೂ ಜೆಸಿಬಿ ತರಿಸಿ ಕಾಲುವೆ ತೋಡಿಸಿದವನು. ವೈನಿ ಬದುವಿನ ಮೇಲೆ ನಿಂತು ಅವನಿಗೆ ಬಾಯಿಗೆ ಬಂದಂಗೆ ಬೈದರು. "ಕಾಲು ಮುರಕೊಂಡು ಮಲಗಿದವನ ಹೊಟ್ಟಿ ಮ್ಯಾಲೆ ಹೊಡದಿ" ಅಂದರು. ನಾನು ಅಲ್ಲೇ ನಿಂತಿದ್ದೆ.

ಅಷ್ಟೊತ್ತಿಗೆ ನನಗೆ ಗೊತ್ತಾಗಿತ್ತು. ಕಾಕಾನ ಹೊಲದಿಂದ ಗಾಳಿಗೆ ಬಂದದ್ದಾಗಿದ್ದರೆ ಪಡುವಲದ ಬದುವಿನ ಹತ್ತಿರ ಹತ್ತಿ ಹೆಚ್ಚು ಮುರುಟಬೇಕು, ಮೂಡಲಕ್ಕೆ ಬಂದಂಗೆ ಕಡಿಮೆ ಆಗಬೇಕು. ಇಲ್ಲಿ ಉಲ್ಟಾ. ಮೂಡಲದ ಬದುವಿನ ಕಡೆ ಸಾಲುಗಳು ಪೂರ್ತಿ ಮುರುಟಿದ್ದವು. ಅಲ್ಲಿಂದ ಪಡುವಲಕ್ಕೆ ಹೋದಂಗೆ ಕಮ್ಮಿ ಕಮ್ಮಿ ಆಗಿ, ಕಾಕಾನ ಬದುವಿನ ಹತ್ತಿರ ಬೆಳೆ ಚೆನ್ನಾಗೇ ಇತ್ತು. ನಾನು ನನ್ನ ಬೋರಿನ ಕಡೆಯಿಂದ, ಅಂದರೆ ಮೂಡಲದಿಂದ ಶುರು ಮಾಡಿದ್ದೆ. ಮೊದಲನೇ ಟ್ಯಾಂಕಿನಲ್ಲಿ ವಿಷ ಹೆಚ್ಚು, ಟ್ಯಾಂಕ್ ಬದಲಾದಂಗೆ ತೊಳೆದು ತೊಳೆದು ಕಡಿಮೆ. ನಾನು ಅವತ್ತು ನಡೆದ ದಾರಿಯನ್ನೇ ಹತ್ತಿ ಬರೆದು ಇಟ್ಟಿತ್ತು.

ಗೊತ್ತಿದ್ದೂ ಎಂಟು ದಿನ ಬಾಯಿ ಬಿಡಲಿಲ್ಲ.

ಇದನ್ನು ಓದೋರು ನನಗೆ ಒಂದು ಮಾತು ಹೇಳ್ತೀರಿ ಅಂತ ಗೊತ್ತು, ಯಾಕಂದರೆ ಆ ಎಂಟು ದಿನ ನಾನೂ ನನಗೆ ಅದೇ ಹೇಳಿಕೊಂಡೆ. "ನಿನ್ನ ಮನಸ್ಸಿನಲ್ಲಿ ಕೆಟ್ಟದ್ದೇನಿತ್ತು? ಉಪಕಾರ ಮಾಡಾಕ ಹೋದಿ. ದುಡ್ಡೂ ಹಾಕಿದಿ, ಮೈಯೂ ಮುರದಿ. ಆದದ್ದು ಆತು." ಈ ಮಾತು ಎಷ್ಟು ಹಿತವಾಗಿತ್ತಂದರೆ, ಎರಡು ರಾತ್ರಿ ನಿದ್ದೆ ಬಂತು. ಮೂರನೇ ರಾತ್ರಿಯಿಂದ ಬರಲಿಲ್ಲ. ಯಾಕಂದರೆ ಪಂಪಿನ ವಿಷಯದಲ್ಲಿ ನನ್ನ ಮನಸ್ಸು ಒಳ್ಳೇದಿತ್ತು ಅಂತ ಇಟ್ಟುಕೊಂಡರೂ, ಸುಮ್ಮನಿದ್ದ ವಿಷಯದಲ್ಲಿ ಹಂಗೆ ಹೇಳೋಕೆ ಬರೋದಿಲ್ಲ. ಅದು ಗೊತ್ತಿದ್ದು ಮಾಡಿದ್ದು. ಲೆಕ್ಕ ಹಾಕಿದರೆ ನನ್ನ ಮೌನದಿಂದ ಒಂದು ಗಿಡವೂ ಹೆಚ್ಚಿಗೆ ಹಾಳಾಗಲಿಲ್ಲ. ಕಾಕಾನಿಗೆ ನಾಲ್ಕು ಬೈಗುಳ ಬಿದ್ದವು, ಅವು ಅವನಿಗೆ ಹೊಸವೇನಲ್ಲ. ಎರಡು ಎಕರೆ ಹತ್ತಿ ಕೆಡಿಸಿದ್ದು ದೊಡ್ಡ ಹಾನಿ, ಸುಮ್ಮನಿದ್ದದ್ದು ಸಣ್ಣ ಹಾನಿ. ಆದರೆ ನಿದ್ದೆ ಕೆಡಿಸಿದ್ದು ಸಣ್ಣದು. ಇದು ಯಾಕೆ ಹಿಂಗೆ ಅಂತ ಆವಾಗಿಂದ ತಲೆ ಕೆಡಿಸಿಕೊಂಡಿದ್ದೇನೆ.

ಒಂಬತ್ತನೇ ದಿನ ಮೊದಲು ಕಾಕಾನ ಹತ್ತಿರ ಹೋದೆ. ದನಕ್ಕೆ ಮೇವು ಹಾಕ್ತಿದ್ದ. ಎಲ್ಲಾ ಹೇಳಿದೆ. ಅವನು ಕೈಯಲ್ಲಿನ ಸೊಪ್ಪೆ ಕೆಳಗಿಡದೆ, "ನನಗ ಗೊತ್ತಿತ್ತಲೇ" ಅಂದ. "ನಾ ಹೊಡದದ್ದಾಗಿದ್ರ ನನ್ನ ಬದುವಿನ ಕಡೆ ಸುಡಬೇಕಿತ್ತು. ನೀ ಯಾವಾಗ ಬಾಯಿ ಬಿಡ್ತೀ ಅಂತ ನೋಡಾಕತ್ತಿದ್ದೆ."

"ಮತ್ತ ಯಾಕ ಹೇಳಲಿಲ್ಲ ಕಾಕಾ?"

"ನಾ ಹೇಳಿದ್ರ ಯಾರು ನಂಬ್ತಿದ್ರು?"

ಅಲ್ಲಿಂದ ವೈನಿ ಹತ್ತಿರ ಹೋದೆ. ಅವರು ಕಟ್ಟೆ ಮೇಲೆ ಕೂತು ಕೇಳಿದರು. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಬಹಳ ಹೊತ್ತಾದ ಮೇಲೆ, "ನಿನ್ನ ಮನಸು ಚೊಲೊ ಐತಿ ಅಂತ ನನಗ ಗೊತ್ತೈತಿ ತಮ್ಮಾ. ಆದ್ರ ಸೊಸೈಟಿ ಸಾಲಕ್ಕ ನಿನ್ನ ಮನಸು ತಗೊಂಡು ಹೋಗಿ ಕಟ್ಟಾಕ ಬರ್ತದೇನು?" ಅಂದರು. ಆಮೇಲೆ, "ಪಂಪಿಂದು ಇರ್ಲಿ. ಆ ಮುದುಕನ್ನ ನಾ ಬೈಯೋ ಮುಂದ ನೀ ಬಾಜೂಕ ನಿಂತಿದ್ದೆಲ್ಲ, ಅದು ನನಗ ಸೇರಲಿಲ್ಲ" ಅಂದರು.

ನೋಡ್ರಿ, ಎರಡು ಮಾತಿನಲ್ಲಿ ಅವರು ಎರಡನ್ನೂ ಬೇರೆ ಬೇರೆ ಮಾಡಿದರು. ಹತ್ತಿ ಕೆಟ್ಟದ್ದಕ್ಕೆ ಅವರು ಕೇಳಿದ್ದು ಲೆಕ್ಕ. ಸುಮ್ಮನೆ ನಿಂತಿದ್ದಕ್ಕೆ ಅವರಿಗಾದದ್ದು ಬೇಸರ. ಮನಸ್ಸು ಒಳ್ಳೇದಿತ್ತು ಅನ್ನೋದು ಲೆಕ್ಕ ತೀರಿಸೋದಿಲ್ಲ. ಹಾನಿ ಏನೂ ಆಗಲಿಲ್ಲವಲ್ಲ ಅನ್ನೋದು ಬೇಸರ ತೀರಿಸೋದಿಲ್ಲ.

ಕೆಲಸ ಒಳ್ಳೇದೋ ಕೆಟ್ಟದ್ದೋ ಅನ್ನೋದನ್ನ ಮನಸ್ಸು ನೋಡಿ ಹೇಳಬೇಕೋ, ಆದದ್ದು ನೋಡಿ ಹೇಳಬೇಕೋ? ನಾನು ಓದಿದ್ದು ಪಿಯುಸಿ. ಆದರೂ ಹೊಲದಲ್ಲಿ ಕಂಡದ್ದನ್ನ ಇಟ್ಟುಕೊಂಡು ಯೋಚನೆ ಮಾಡಬಹುದು.

ಆದದ್ದನ್ನ ಮಾತ್ರ ನೋಡ್ತೀವಿ ಅಂದರೆ ಕಾಕಾನ ಕಾಲುವೆ ನೋಡ್ರಿ. ಅವನು ಅದನ್ನ ತೋಡಿಸಿದ್ದು ಹೊಟ್ಟೆಕಿಚ್ಚಿಗೆ. ಆದರೆ ನಮ್ಮ ಕಡೆ ನೆಲ ಪಡುವಲದಿಂದ ಮೂಡಲಕ್ಕೆ ಇಳಿಜಾರು. ಮೊದಲು ಹರಿದು ಹೋಗ್ತಿದ್ದ ಮಳೆನೀರು ಈಗ ಆ ಕಾಲುವೆಯಲ್ಲಿ ನಿಂತು ಇಂಗ್ತದೆ. ಮೊದಲೆಲ್ಲಾ ಹೋಳಿ ಹುಣ್ಣಿಮೆಗೇ ಕೈಕೊಡ್ತಿದ್ದ ನನ್ನ ಬೋರು ಈಗ ಯುಗಾದಿ ದಾಟಿಸ್ತದೆ. ಹಂಗಂತ ಕಾಕಾ ಮಾಡಿದ್ದು ಪುಣ್ಯದ ಕೆಲಸ ಅನ್ನೋಕೆ ಆಗ್ತದಾ? ನೀರು ಬಂದದ್ದು ಅವನು ಬೇಕಂತ ಮಾಡಿದ್ದಲ್ಲ. ನೀರು ಕುಡೀತೇನೆ, ಆದರೆ ಅವತ್ತು ಜೆಸಿಬಿ ಮುಂದೆ ಅವನ ಮುಖದಲ್ಲಿದ್ದ ನಗು ನೆನಪಿದೆ.

ಹಂಗಾದರೆ ಮನಸ್ಸು ಮಾತ್ರ ನೋಡೋಣ ಅಂದರೆ, ಮುರುಟಿದ ಹತ್ತಿಗೆ ನನ್ನ ಮನಸ್ಸು ಕಾಣೋದಿಲ್ಲ. ಬೆಳೆಗೆ ಉದ್ದೇಶ ಅಂತ ಒಂದು ಇರೋದು ಗೊತ್ತಿಲ್ಲ.

ಇನ್ನೊಂದು ಮಾತು. 2018ರಲ್ಲಿ ಸೈನಿಕ ಹುಳ ನಮ್ಮ ರಾಜ್ಯಕ್ಕೆ ಕಾಲಿಟ್ಟಾಗಿನಿಂದ ನಾನು ಗೋವಿನಜೋಳಕ್ಕೆ ಅದೇ ಪಂಪಿನಿಂದ ಒಮ್ಮೆ ಕಳೆನಾಶಕ, ಒಮ್ಮೆ ಹುಳದ ಎಣ್ಣೆ ಹೊಡೀತಾ ಬಂದಿದ್ದೇನೆ. ಒಂದು ಸಲವೂ ಸರಿಯಾಗಿ ತೊಳೆದಿಲ್ಲ. ಏನೂ ಆಗಲಿಲ್ಲ, ಯಾಕಂದರೆ ಗೋವಿನಜೋಳ ತಡೀತದೆ. ಅದೇ ಪಂಪು, ಅದೇ ಕೈ, ಅದೇ ಉಡಾಫೆ. ಅವತ್ತು ಎದುರಿಗಿದ್ದ ಬೆಳೆ ಮಾತ್ರ ಬೇರೆ. ಹಾನಿ ಆದ ದಿನ ಮಾತ್ರ ನಾನು ತಪ್ಪು ಮಾಡಿದೆ ಅಂದರೆ ಸುಳ್ಳಾಗ್ತದೆ. ವರ್ಷಗಟ್ಟಲೆ ಮಾಡಿದ್ದೆ. ಅವತ್ತು ಸಿಕ್ಕಿಬಿದ್ದೆ, ಅಷ್ಟೇ. ಅದಕ್ಕಿಂತ ನಾಚಿಕೆ ಅಂದರೆ, ಕಳೆನಾಶಕಕ್ಕೆ ಬೇರೆ ಪಂಪು ಇಡ್ರಿ ಅಂತ ಎರಡು ವರ್ಷದ ಹಿಂದೆ ಇದೇ ಪೇಜಿನಲ್ಲಿ ನಾನೇ ಬರೆದಿದ್ದೆ. ಹಿಂದಕ್ಕೆ ಹೋಗಿ ಹುಡುಕಿದರೆ ಸಿಗ್ತದೆ.

ನಮ್ಮ ಅಕ್ಕನ ಮಗ ರಾಣೇಬೆನ್ನೂರಿನಲ್ಲಿ ವಕೀಲ. ದೀಪಾವಳಿಗೆ ಬಂದಾಗ ಅವನ ಮುಂದೆ ಇದನ್ನೆಲ್ಲಾ ಹೇಳಿದೆ. ಅವನು ಹೇಳಿದ್ದು ನನಗೆ ಬಹಳ ಸೇರಿತು. 1860ರ ಭಾರತೀಯ ದಂಡ ಸಂಹಿತೆಯ 52ನೇ ಕಲಂ ಸದ್ಭಾವನೆ ಅಂದರೆ ಏನು ಅಂತ ಹೇಳ್ತದಂತೆ. ತಕ್ಕ ಎಚ್ಚರಿಕೆ ಮತ್ತು ಗಮನ ಇಲ್ಲದೆ ಮಾಡಿದ್ದನ್ನ ಸದ್ಭಾವನೆಯಿಂದ ಮಾಡಿದ್ದು ಅನ್ನೋಕೆ ಬರೋದಿಲ್ಲ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರಲ್ಲೂ ಈ ಅರ್ಥ ಹಂಗೇ ಉಳಿದಿದೆ. ಆದರೆ 1897ರ ಜನರಲ್ ಕ್ಲಾಸಸ್ ಆಕ್ಟ್ ಅಂತ ಇನ್ನೊಂದು ಕಾಯ್ದೆಯಲ್ಲಿ ಇದೇ ಮಾತಿಗೆ ಬೇರೆ ಅರ್ಥ. ಅಲ್ಲಿ ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ನಿಷ್ಕಾಳಜಿ ಇದ್ದರೂ ಅದು ಸದ್ಭಾವನೆಯೇ. ಯಾವ ಕೇಸಿಗೆ ಯಾವುದು ಹತ್ತತದೆ ಅನ್ನೋದು ವಕೀಲರ ಕೆಲಸ. ನಾನು ನನಗೆ ಕೇಳಿಕೊಂಡದ್ದು, ನನ್ನ ಮನೆಯ ಕಾಯ್ದೆ ಯಾವುದಿರಬೇಕು? ಬೇರೆಯವರು ನನಗೆ ಹಾನಿ ಮಾಡಿದಾಗ ಎರಡನೇದು ಇಟ್ಟುಕೊಳ್ತೇನೆ. ಪಾಪ, ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ ಅಂತ. ನಾನು ಬೇರೆಯವರಿಗೆ ಹಾನಿ ಮಾಡಿದಾಗ ಮೊದಲನೇದು. ಇಲ್ಲಿವರೆಗೆ ನಾನು ಇದನ್ನ ತಿರುಗಿಸಿ ಇಟ್ಟುಕೊಂಡಿದ್ದೆ.

ಹಂಗಂತ ಆದ ಹಾನಿಗೆಲ್ಲಾ ಮಾಡಿದವನೇ ಪಾಪಿ ಅಂತಲೂ ಅನ್ನೋಕೆ ಬರೋದಿಲ್ಲ. ನಾವು ಸಣ್ಣವರಿದ್ದಾಗ ಊರ ಹೊರಗೆ ದನ ಸತ್ತರೆ ಹಿಂಡುಗಟ್ಟಲೆ ರಣಹದ್ದು ಇಳೀತಿದ್ದವು. ಆಮೇಲೆ ಬರೋದು ನಿಂತವು. ದನದ ಬಾವಿಗೆ, ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಡ್ತಿದ್ದರು. ಆ ಔಷಧ ಮೈಯಲ್ಲಿದ್ದ ದನ ಸತ್ತಾಗ ಅದರ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯ್ತಾವೆ ಅಂತ ವಿಜ್ಞಾನಿಗಳು ತೋರಿಸಿದ್ದು 2004ರಲ್ಲಿ. 2006ರಲ್ಲಿ ನಮ್ಮ ದೇಶದಲ್ಲಿ ಅದನ್ನ ದನಕ್ಕೆ ಬಳಸೋದು ನಿಷೇಧ ಆಯಿತು. ಉಳಿದ ಕೆಲವನ್ನ ಕಾಪಾಡಲಿಕ್ಕೆ ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದು ಧಾಮ ಮಾಡಿದರು. ನಮ್ಮ ಅಪ್ಪನೂ ಎತ್ತಿಗೆ ನೋವಿನ ಇಂಜೆಕ್ಷನ್ ಮಾಡಿಸಿದವನೇ. ಆ ಕಾಲದಲ್ಲಿ ಹದ್ದಿನ ವಿಷಯ ಡಾಕ್ಟರಿಗೂ ಗೊತ್ತಿರಲಿಲ್ಲ. ಎತ್ತಿನ ನೋವು ನೋಡಲಾರದೆ ಮಾಡಿಸಿದ. ಅಪ್ಪನನ್ನ ಕೆಟ್ಟವನು ಅನ್ನಲಾರೆ. ಆದರೆ 2006ರ ಮೇಲೂ ಗೊತ್ತಿದ್ದು ಅದನ್ನೇ ಚುಚ್ಚಿದವರು ಬೇರೆ. ಇಬ್ಬರ ಮನಸ್ಸಿನಲ್ಲೂ ದನದ ಮೇಲೆ ಕರುಣೆ ಇದ್ದಿರಬಹುದು. ಸತ್ತ ಹದ್ದೂ ಅವೇ. ವ್ಯತ್ಯಾಸ ಇರೋದು ಗೊತ್ತಿತ್ತೋ ಇಲ್ಲವೋ, ಗೊತ್ತು ಮಾಡಿಕೊಳ್ಳೋಕೆ ಆಗ್ತಿತ್ತೋ ಇಲ್ಲವೋ ಅನ್ನೋದರಲ್ಲಿ.

ನನ್ನ ಪಂಪು ಅಪ್ಪನ ಇಂಜೆಕ್ಷನ್ ಅಲ್ಲ. ನನಗೆ ಗೊತ್ತಿತ್ತು. ಡಬ್ಬಿ ಮೇಲೆ ಬರೆದಿತ್ತು. ನಾನೇ ಬರೆದಿದ್ದೆ. ಅಣ್ಣನ ಹತ್ತಿ ಉಳಿಯಲಿ ಅನ್ನೋ ಆಸೆ ನನ್ನಲ್ಲಿ ನಿಜವಾಗಿ ಇತ್ತು. ಆದರೆ ಆಸೆ ಇದ್ದರೆ ಮುಗೀಲಿಲ್ಲ. ಮಗುವಿಗೆ ಹಾಲು ಕುಡಿಸೋ ತಾಯಿ ಮೊದಲು ಲೋಟ ನೋಡ್ತಾಳೆ. ಲೋಟ ನೋಡೋದೂ ಪ್ರೀತಿಯ ಒಂದು ಭಾಗವೇ. ಆ ಭಾಗ ನನ್ನಲ್ಲಿ ಇರಲಿಲ್ಲ. ಆದ್ದರಿಂದ "ಮನಸ್ಸು ಒಳ್ಳೇದಿತ್ತು, ಫಲ ಕೆಟ್ಟಿತು" ಅಂತ ಈಗ ಹೇಳೋದಿಲ್ಲ. ಅರ್ಧ ಮನಸ್ಸು ಒಳ್ಳೇದಿತ್ತು. ಇನ್ನರ್ಧ ವೈನಿಯ ಕಣ್ಣೀರು ನೋಡಿ ಹೆಮ್ಮೆ ಪಡೋದರಲ್ಲಿತ್ತು.

ನನಗೆ ಈಗ ಅನ್ನಿಸೋದು ಇಷ್ಟು. ನಾನು ಎಂಥ ಮನುಷ್ಯ ಅಂತ ಕೇಳಿದರೆ ಮನಸ್ಸು ನೋಡಬೇಕು, ಆದರೆ ಆ ಮನಸ್ಸಿನಲ್ಲಿ ಎಚ್ಚರಿಕೆಯನ್ನೂ ಸೇರಿಸಿ ಅಳೀಬೇಕು. ನಾನು ಯಾರಿಗೆ ಎಷ್ಟು ಬಾಕಿ ಅಂತ ಕೇಳಿದರೆ ಆದದ್ದನ್ನ ನೋಡಬೇಕು. ಇವು ಎರಡು ಬೇರೆ ಬೇರೆ ಪ್ರಶ್ನೆ. ಒಂದರ ಉತ್ತರವನ್ನ ಇನ್ನೊಂದಕ್ಕೆ ಕೊಡೋಕೆ ಹೋದಾಗ ನಾವು ಮೋಸ ಮಾಡ್ತೇವೆ, ಹೆಚ್ಚಾಗಿ ನಮಗೇ.

ಬಾಕಿ ಹೆಂಗೆ ತೀರಿಸಿದೆ ಅಂತ ಹೇಳ್ತೇನೆ. ಕೃಷಿ ವಿಜ್ಞಾನ ಕೇಂದ್ರದವರನ್ನ ಕೇಳಿ, ಮುರುಟಿದ ಚಿಗುರು ಚಿವುಟಿಸಿ, ಗೊಬ್ಬರ ಕೊಟ್ಟು ಆರೈಕೆ ಮಾಡಿದೆವು. ಪಡುವಲದ ಅರ್ಧ ಚೇತರಿಸಿಕೊಂಡಿತು. ಮೂಡಲದ್ದು ಹೂ ಹಿಡಿಯೋದು ತಡವಾಗಿ ಕಾಯಿ ಕಮ್ಮಿ ಆದವು. ಹಿಂದಿನ ಮೂರು ವರ್ಷದ ಚೀಟಿ ತೆಗೆದು ನೋಡಿದರೆ ಅಣ್ಣನಿಗೆ ಎರಡು ಎಕರೆಗೆ ಸರಾಸರಿ ಹದಿನಾಲ್ಕು ಕ್ವಿಂಟಲ್ ಬಂದಿತ್ತು. ಹೋದ ವರ್ಷ ಒಂಬತ್ತು ಬಂತು. ಉಳಿದ ಐದು ಕ್ವಿಂಟಲಿನ ದುಡ್ಡು, ಅವರು ಮಾರಿದ ದಿನದ ರೇಟಿನಲ್ಲಿ, ಎರಡು ಕಂತು ಮಾಡಿ ಕೊಟ್ಟೆ. ಅಣ್ಣ ಹಾಸಿಗೆ ಮೇಲೆ ಎದ್ದು ಕೂತು, "ಬ್ಯಾಡೋ, ನೀ ಏನ ಬೇಕಂತ ಮಾಡೀಯೇನು" ಅಂದ. ವೈನಿ ಏನೂ ಅನ್ನದೆ ಕೈ ಚಾಚಿ ತಗೊಂಡರು, ಎಣಿಸಿದರು, ಸೆರಗಿಗೆ ಕಟ್ಟಿದರು. ಅಣ್ಣನ ದೊಡ್ಡತನಕ್ಕಿಂತ ವೈನಿ ಎಣಿಸಿ ತಗೊಂಡದ್ದೇ ನನಗೆ ಹಗುರ ಅನ್ನಿಸಿತು. ಅವರು ಬೇಡ ಅಂದಿದ್ದರೆ ಅದು ನನ್ನ ಮೇಲೆ ಹಂಗೇ ಉಳೀತಿತ್ತು.

ಕಾಕಾನ ಬಾಕಿ ದುಡ್ಡಿನದಲ್ಲ. ಮಾರನೇ ಸೋಮವಾರ ಬಸವಣ್ಣನ ಗುಡಿ ಕಟ್ಟೆ ಮೇಲೆ ನಾಲ್ಕು ಜನ ಕೂತಾಗ ಎಲ್ಲರ ಮುಂದೆ ಹೇಳಿದೆ, ಹತ್ತಿ ಕೆಡಿಸಿದವನು ನಾನು ಅಂತ. ಕಾಕಾ ಅಲ್ಲೇ ಇದ್ದ. ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋದ. ನಮ್ಮಿಬ್ಬರದು ಈಗಲೂ ಅಷ್ಟಕ್ಕಷ್ಟೇ. ಚಕ್ಕಡಿ ಈಗಲೂ ಸುತ್ತು ಹಾಕಿಕೊಂಡೇ ಹೋಗ್ತದೆ.

ಈಗ ನೀವು ಕೇಳಿದ್ದಕ್ಕೆ ಬರ್ತೇನೆ. ಕಳೆನಾಶಕ ಯಾವುದೇ ಹೊಡೀರಿ, ಅದಕ್ಕೆ ಬೇರೆ ಪಂಪು ಇಡ್ರಿ. ಎರಡು ಪಂಪು ತಗೊಳ್ಳೋಕೆ ಆಗದಿದ್ದರೆ ಬದುವಿನ ಪಕ್ಕದವರು ಇಬ್ಬರು ಸೇರಿ ಒಂದು ತಗೊಂಡು, ಅದು ಕಳೆಗೆ ಮಾತ್ರ ಅಂತ ಕೆಂಪು ಬಣ್ಣ ಬಳೀರಿ. ಒಂದೇ ಪಂಪು ಅನಿವಾರ್ಯ ಆದರೆ, ಸಾದಾ ನೀರಿನಲ್ಲಿ ಮೂರು ಸಲ ತೊಳೆದು, ಪ್ರತಿ ಸಲ ಪೈಪು ನಾಝಲ್‌ನಿಂದಲೂ ನೀರು ಹೊರಗೆ ಹೊಡೀರಿ. ಆಮೇಲೆ ವಾಷಿಂಗ್ ಸೋಡಾ ಕಲಸಿದ ನೀರು ತುಂಬಿ ಒಂದು ರಾತ್ರಿ ಬಿಡ್ರಿ. ಬೆಳಿಗ್ಗೆ ಜಾಲರಿ, ನಾಝಲ್ ಬಿಚ್ಚಿ ತೊಳೆದು, ಮತ್ತೆ ಸಾದಾ ನೀರು. ತೊಳೆದ ನೀರು ಬಾವಿ, ಹಳ್ಳ, ದನ ನೀರು ಕುಡಿಯೋ ಜಾಗದ ಹತ್ತಿರ ಚೆಲ್ಲಬ್ಯಾಡ್ರಿ. ಇಷ್ಟು ಮಾಡಿದ ಮೇಲೂ ಹತ್ತಿ, ಮೆಣಸಿನಕಾಯಿ, ಟೊಮೆಟೊ, ದ್ರಾಕ್ಷಿಗೆ ಆ ಪಂಪು ಒಯ್ಯಬ್ಯಾಡ್ರಿ. ಬಾಜೂ ಹೊಲದಲ್ಲಿ ಇವು ಇದ್ದರೆ ಗಾಳಿ ನೋಡಿ, ಅವರಿಗೆ ಒಂದು ಮಾತು ಹೇಳಿ ಹೊಡೀರಿ.

ಬೇರೆಯವರ ಹೊಲಕ್ಕೆ ಉಪಕಾರ ಮಾಡೋಕೆ ಹೋಗುವಾಗ ಸ್ವಂತ ಹೊಲಕ್ಕಿಂತ ಎರಡು ಪಟ್ಟು ನೋಡಿಕೊಂಡು ಹೋಗ್ರಿ. ನಮ್ಮ ಹೊಲ ಕೆಟ್ಟರೆ ನಮ್ಮನ್ನ ನಾವು ಬೈಕೊಳ್ತೇವೆ. ಅವರದು ಕೆಟ್ಟರೆ ಅವರಿಗೆ ಬೈಯೋಕೂ ಬಾಯಿ ಇರೋದಿಲ್ಲ, ಉಪಕಾರ ಮಾಡಿದವರಲ್ಲ ನಾವು.

ಅಣ್ಣ ಈಗ ಕೋಲು ಹಿಡಿದು ಹೊಲಕ್ಕೆ ಬರ್ತಾನೆ. ಈ ವರ್ಷವೂ ಹತ್ತಿ ಹಾಕಿದ್ದಾರೆ. ಮೊನ್ನೆ ಜಿಗಿಹುಳ ಕಂಡಿದೆ ಅಂದ. ನಾನು ಹೊಡೀಲಾ ಅಂತ ಕೇಳಲಿಲ್ಲ, ಕೇಳೋ ಧೈರ್ಯ ಬರಲಿಲ್ಲ. ಸಂಜೆ ವೈನಿಯೇ ಮನೆ ಮುಂದೆ ಬಂದು ನಿಂತು, "ನಾಳೆ ಬಿಡುವು ಐತೇನು ತಮ್ಮಾ?" ಅಂದರು. ಆಮೇಲೆ, "ಪಂಪು ನಮ್ದು ತಗೋ" ಅಂದರು.

ನಾಳೆ ಬೆಳಿಗ್ಗೆ ಆರಕ್ಕೆ ಹೋಗ್ತಿದ್ದೇನೆ. ನಿಮ್ಮ ಹೊಲದಲ್ಲಿ ಹತ್ತಿ ಎಲೆ ಕಪ್ಪೆ ಕಾಲಿನಂಗೆ ಆಗಿದ್ದರೆ ಫೋಟೋ ಕಳಿಸ್ರಿ. ಯಾವ ಕಡೆಯಿಂದ ಶುರುವಾಗಿದೆ ಅನ್ನೋದನ್ನೂ ಬರೀರಿ.